ಸೀಸನ್ ಮುಗಿದ ಮೇಲೆ ಅಂಡಮಾನ್

ಮುಂಗಾರು ಕೇರಳಕ್ಕಿಂತ ಮೊದಲು ಮುಟ್ಟುವುದು ಅಂಡಮಾನನ್ನು. ಮೇ ಮುಗಿಯುವ ಹೊತ್ತಿಗೆ ಅಲ್ಲಿ ಪ್ರವಾಸಿಗರು ಖಾಲಿ. ಅಲ್ಲಿನ ಸೀಸನ್ ಇರುವುದು ಅಕ್ಟೋಬರ್ ಮೇಲೆ, ಚಳಿಗಾಲದಲ್ಲಿ. ಆಗ ನಮ್ಮ ಮಲೆನಾಡಿನಲ್ಲಿ ಅಡಿಕೆ ಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು. ಆಮೇಲೆ ಮದುವೆ, ಮುಂಜಿ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆ ರೋಗಕ್ಕೆ ಮೊದಲ ಸಲ ಮದ್ದು ಹೊಡೆಸಿದ ಮೇಲೆಯೇ ನಮಗೆ ಪುರುಸೊತ್ತು. ಹಾಗಾಗಿ ಜೂನ್‌ನಲ್ಲಿ ಹೊರಟೆವು.

"ಮಳೆ ನೋಡೋಕೆ ಅಷ್ಟು ದೂರ ಹೋಗ್ಬೇಕಾ?" ಅಂದರು ಅತ್ತೆ.

ನಾವು ಉಳಿದದ್ದು ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ. ಅದಕ್ಕೆ 2018ರಲ್ಲಿ ಸ್ವರಾಜ್ ದ್ವೀಪ ಅಂತ ಹೆಸರಿಟ್ಟರು. ಜನರ ಬಾಯಲ್ಲಿ ಇನ್ನೂ ಹ್ಯಾವ್‌ಲಾಕೇ. ರೂಮು ಅರ್ಧ ಬೆಲೆಗೆ ಸಿಕ್ಕಿತು. ಡೈವಿಂಗ್ ಅಂಗಡಿಗಳು ಬಹಳಷ್ಟು ಬಾಗಿಲು ಹಾಕಿದ್ದವು. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಚೆಂದದ್ದು ಅಂದ ರಾಧಾನಗರ ಬೀಚಿನಲ್ಲಿ ಇದ್ದದ್ದು ನಾವು, ನಾಲ್ಕಾರು ನಾಯಿಗಳು ಮತ್ತು ಕೆಂಪು ಬಾವುಟ. ನೀರಿಗೆ ಕಾಲಿಟ್ಟರೆ ಗಾರ್ಡ್ ಸೀಟಿ ಊದುತ್ತಿದ್ದ. ಫೋಟೋದಲ್ಲಿ ನೋಡಿದ್ದ ನೀಲಿ ಎಲ್ಲೂ ಇಲ್ಲ. ಹೊಸ ನೀರು ಬಂದ ತುಂಗೆಯ ಹಾಗೆ ಕಲಕಿದ ಸಮುದ್ರ. ಆ ಬೀಚು ಪಶ್ಚಿಮಕ್ಕಿದೆ, ಮುಂಗಾರಿನ ಗಾಳಿ ನೇರ ಅಲ್ಲಿಗೇ ಹೊಡೆಯುತ್ತದೆ. ದ್ವೀಪದ ಪೂರ್ವಕ್ಕಿರುವ ವಿಜಯನಗರ ಬೀಚಿನ ಕಡೆ ನೀರು ಎಷ್ಟೋ ಶಾಂತ. ಇಳಿತದ ಹೊತ್ತಿಗೆ ಸಮುದ್ರ ಸುಮಾರು ದೂರ ಹಿಂದೆ ಸರಿದು, ಬರೀ ಬಂಡೆ, ಏಡಿ. ನನಗೆ ಇಷ್ಟವಾದದ್ದು ಆ ಬೀಚೇ.

ಯಜಮಾನರಿಗೆ ಮಾತ್ರ ಸಮುದ್ರವೇ ಬೇಡವಾಗಿತ್ತು. ರಸ್ತೆ ಬದಿಯಲ್ಲೆಲ್ಲ ಅಡಿಕೆ ಮರ!

"ಇಷ್ಟು ಖರ್ಚು ಮಾಡ್ಕೊಂಡು ಬಂದು ಅಡಿಕೆ ನೋಡ್ತೀರಲ್ರೀ?"

"ಸಾಲು ನೋಡು, ಎಷ್ಟು ಒತ್ತಾಗಿ ಹಾಕಿದಾರೆ."

ನಾವು ಉಳಿದ ಮನೆಯವರೂ ಬೆಳೆಗಾರರೇ. ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಬಂದವರಿಗೆ ಸರ್ಕಾರ ಈ ದ್ವೀಪದಲ್ಲಿ ಜಾಗ ಕೊಟ್ಟಿತ್ತು. ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ ಎಂಬ ಊರುಗಳು ಆಗಿನವು. ಸೀಸನ್‌ನಲ್ಲಾದರೆ ಆ ಮನೆಯವರಿಗೆ ನಮ್ಮ ಜೊತೆ ಕೂರಲು ಎಲ್ಲಿ ಟೈಮು? ಈಗ ಇತ್ತು. ಅಲ್ಲಿ ಸಂಜೆ ಆರಕ್ಕೆಲ್ಲ ಕತ್ತಲು. ದ್ವೀಪ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಕರೆಂಟು ಹೋದರೆ ಜಗಲಿಯಲ್ಲಿ ಟೀ. ಇವರು ಹರಕು ಹಿಂದಿಯಲ್ಲಿ, ಕೈಯಾಡಿಸುತ್ತ, ಕೊಳೆ ರೋಗದ ಮದ್ದಿಗೆ ಮೈಲುತುತ್ತು ಸುಣ್ಣ ಬೆರೆಸೋದು ಹೇಗೆ ಅಂತ ಹೇಳುವುದು. ಆತ "ಹಾಂ ದಾದಾ, ಹಾಂ ದಾದಾ" ಅನ್ನುವುದು. ಒಳಗಿನಿಂದ ಆತನ ಹೆಂಡತಿ ನನ್ನನ್ನು ನೋಡಿ ನಕ್ಕರು. ಇಬ್ಬರ ಕಷ್ಟವೂ ಒಂದೇ, ಅಲ್ವಾ?

ಹೊರಡುವ ದಿನ ಗಾಳಿ ಜೋರಾಗಿ, ವಿಮಾನ ಹತ್ತುವ ಪೋರ್ಟ್‌ಬ್ಲೇರಿಗೆ (ಈಗ ಅದರ ಹೆಸರು ಶ್ರೀ ವಿಜಯಪುರಂ) ಹೋಗುವ ಬೋಟು ರದ್ದಾಯಿತು. ಜೆಟ್ಟಿಯಲ್ಲಿ ಯಾರೂ ಕೂಗಾಡಲಿಲ್ಲ. ಆಸ್ಪತ್ರೆಗೆ ಹೊರಟಿದ್ದ ಅಜ್ಜಿಯೊಬ್ಬರು ಸುಮ್ನೆ ಚೀಲ ಎತ್ತಿಕೊಂಡು ಮನೆಗೆ ತಿರುಗಿದರು. ನಮಗೆ ರಜೆ ಉದ್ದವಾಗಿತ್ತು, ಅವರಿಗೆ ಹಾಗಲ್ಲ. ಮಳೆಗಾಲದಲ್ಲಿ ಹೋಗುವವರು ವಿಮಾನಕ್ಕೆ ಮೊದಲು ಒಂದು ದಿನ ಖಾಲಿ ಇಟ್ಟುಕೊಳ್ಳಲೇಬೇಕು. ನಾವು ಇಟ್ಟುಕೊಂಡಿದ್ದೆವು, ಅದರಿಂದ ವಿಮಾನ ತಪ್ಪಲಿಲ್ಲ. ತಪ್ಪಿದ್ದು ಪೋರ್ಟ್‌ಬ್ಲೇರಿನ ಸೆಲ್ಯುಲಾರ್ ಜೈಲು. ಅದಕ್ಕೆ ಇನ್ನೊಂದು ಮಳೆಗಾಲ ಬರಬೇಕು ಅಂತ ಇವರು ಬೋಟಿನಲ್ಲೇ ಲೆಕ್ಕ ಹಾಕಿದರು. ನಾನು ವಾಂತಿ ಕವರು ಹಿಡಿದು ಕೂತಿದ್ದೆ, ಉತ್ತರ ಕೊಡಲಿಲ್ಲ.