ವೈಮಾರ್‌ನ ಒಂದು ಅಡುಗೆಮನೆ

ಬೌಹೌಸ್ ಎಂಬ ಜರ್ಮನಿಯ ಕಲೆ ಮತ್ತು ವಿನ್ಯಾಸದ ಶಾಲೆಯ ಹೆಸರು ಕೇಳಿದೊಡನೆ ಬಾಗಿಸಿದ ಉಕ್ಕಿನ ಕೊಳವೆಯ ಕುರ್ಚಿಯನ್ನೂ ಗಾಜಿನ ಗೋಡೆಯ ಕಟ್ಟಡವನ್ನೂ ನೆನೆಯುವವರಲ್ಲಿ ನಾನೂ ಒಬ್ಬಳಾಗಿದ್ದೆ. ಜರ್ಮನಿಯ ವೈಮಾರ್‌ನಲ್ಲಿರುವ ಬೌಹೌಸ್ ಮ್ಯೂಸಿಯಂನಲ್ಲಿ ಇಡೀ ಒಂದು ದಿನ ಕಳೆದ ಮೇಲೆ ಆ ಚಿತ್ರ ಬದಲಾಯಿತು. ಉಕ್ಕಿನ ಕುರ್ಚಿ, ಗಾಜಿನ ಗೋಡೆ ಎರಡೂ ಆ ಶಾಲೆ ಡೆಸ್ಸೌ ಊರಿಗೆ ಹೋದ ನಂತರದವು. ಅದಕ್ಕೂ ಮುಂಚೆ, 1919ರಿಂದ 1925ರವರೆಗೆ ವೈಮಾರ್‌ನಲ್ಲಿದ್ದ ಆರು ವರ್ಷಗಳಲ್ಲಿ, ವಿದ್ಯಾರ್ಥಿಗಳು ಹೆಚ್ಚಾಗಿ ಕೈಹಚ್ಚಿದ್ದು ಮರಕ್ಕೆ, ಜೇಡಿಮಣ್ಣಿಗೆ, ಉಣ್ಣೆಗೆ. ಮ್ಯೂಸಿಯಂನ ಕಪಾಟುಗಳ ಮುಂದೆ ನಿಂತಾಗ ಕಾರ್ಖಾನೆಗಿಂತ ಹೆಚ್ಚಾಗಿ ಬಡಗಿ, ಕುಂಬಾರ, ನೇಕಾರರ ಕೇರಿಯೇ ನೆನಪಾಗುತ್ತದೆ.

ಹೈಕೆ ಹನಾಡಾ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ ಈ ಕಾಂಕ್ರೀಟಿನ ಕಟ್ಟಡ ಶಾಲೆಗೆ ನೂರು ವರ್ಷ ತುಂಬಿದ 2019ರ ಏಪ್ರಿಲ್‌ನಲ್ಲಿ ತೆರೆಯಿತು. ಒಳಗಿನ ಸಂಗ್ರಹಕ್ಕೆ ಕಟ್ಟಡಕ್ಕಿಂತ ಬಹಳ ಹೆಚ್ಚು ವಯಸ್ಸಾಗಿದೆ. 1925ರಲ್ಲಿ ಊರು ಬಿಟ್ಟು ಹೊರಡುವಾಗ ಶಾಲೆಯ ಸ್ಥಾಪಕ ವಾಲ್ಟರ್ ಗ್ರೋಪಿಯಸ್ ಕಾರ್ಯಾಗಾರಗಳಲ್ಲಿ ತಯಾರಾದ 168 ವಸ್ತುಗಳನ್ನು ಆರಿಸಿ ಇಲ್ಲಿನ ಕಲಾಸಂಗ್ರಹಕ್ಕೆ ಒಪ್ಪಿಸಿದ್ದರು. ಐದು ವರ್ಷಗಳ ನಂತರ, ಅಂದರೆ ಹಿಟ್ಲರ್ ಅಧಿಕಾರಕ್ಕೆ ಬರುವುದಕ್ಕೂ ಮುಂಚೆಯೇ, ವೈಮಾರ್ ಇರುವ ಥೂರಿಂಗಿಯಾ ಪ್ರಾಂತದ ಸರ್ಕಾರದಲ್ಲಿ ನಾಜಿಗಳು ಪಾಲು ಪಡೆದರು. ಹಳೆಯ ಶಾಲೆಯ ಕಟ್ಟಡದಲ್ಲಿ ಅಲ್ಲಿನ ಶಿಕ್ಷಕ ಓಸ್ಕರ್ ಶ್ಲೆಮ್ಮರ್ ರಚಿಸಿದ್ದ ಗೋಡೆಚಿತ್ರಗಳನ್ನು 1930ರಲ್ಲಿ ನಾಶಮಾಡಿಸಿದರು. ಆ ಕಾಲವನ್ನು ದಾಟಿ ಉಳಿದು ಬಂದ ಮಡಕೆ, ತೊಟ್ಟಿಲು, ಬಟ್ಟೆಗಳ ಮುಂದೆ ನಿಂತಿದ್ದೇನೆ ಎಂಬ ಅರಿವಿನಿಂದಲೇ ನನ್ನ ನಡಿಗೆ ನಿಧಾನವಾಯಿತು.

ಪೇಟರ್ ಕೇಲರ್ 1922ರಲ್ಲಿ ಮಾಡಿದ ತೊಟ್ಟಿಲನ್ನು ಚಿತ್ರಗಳಲ್ಲಿ ಎಷ್ಟೋ ಸಲ ನೋಡಿದ್ದೆ. ಹಳದಿ ತ್ರಿಕೋನ, ಕೆಂಪು ಚೌಕ, ನೀಲಿ ವೃತ್ತ ಎಂದು ಚಿತ್ರಕಾರ ಕ್ಯಾಂಡಿನ್ಸ್ಕಿ ಆ ಶಾಲೆಯಲ್ಲಿ ಕಲಿಸುತ್ತಿದ್ದ ಪಾಠವನ್ನೇ ಮರಕ್ಕೆ ಇಳಿಸಿದಂತಿದೆ ಅದು. ಮರಿಯಾನೆ ಬ್ರಾಂಟ್ 1924ರಲ್ಲಿ ರೂಪಿಸಿದ ಚಹಾದ ಪಾತ್ರೆ ಅದಕ್ಕಿಂತ ಹೆಚ್ಚು ಹಿಡಿಸಿತು. ಅರ್ಧಗೋಳದ ಆಕಾರದ, ಅಂಗೈ ಮೇಲೆ ಕೂರುವಷ್ಟು ಪುಟ್ಟದಾದ ಈ ಪಾತ್ರೆಯಲ್ಲಿ ಗಟ್ಟಿ ಚಹಾರಸವನ್ನಿಟ್ಟುಕೊಂಡು ಬೇಕಾದಾಗ ಬಿಸಿನೀರು ಬೆರೆಸಿಕೊಳ್ಳಬೇಕು. ಕಾಫಿ ಡಿಕಾಕ್ಷನ್ ಇಳಿಸಿಡುವ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಧ್ಯಾಹ್ನ ಇಲ್ಮ್ ನದಿಯ ಉದ್ಯಾನವನ್ನು ದಾಟಿ, ಕವಿ ಗಯಟೆಯ ತೋಟದ ಮನೆಯ ಆಚೆಗಿರುವ ದಿಬ್ಬವನ್ನು ಹತ್ತಿ ಹೌಸ್ ಆಮ್ ಹೋರ್ನ್ ಎಂಬ ಬಿಳಿಯ ಮನೆಗೆ ಹೋದೆ. ಈ ಮನೆಯನ್ನು ಕಟ್ಟಿದ್ದೇ ಒಂದು ಪ್ರದರ್ಶನಕ್ಕಾಗಿ. ಶಾಲೆ ಶುರುವಾಗಿ ನಾಲ್ಕು ವರ್ಷವಾಗಿತ್ತು. ಸಾಲ ಕೊಟ್ಟ ಸರ್ಕಾರ, ಇಷ್ಟು ದಿನ ಏನು ಮಾಡಿದ್ದೀರಿ ಎಂಬುದನ್ನು ಜನರಿಗೆ ತೋರಿಸಿ ಎಂದು ಕೇಳಿತು. ಗ್ರೋಪಿಯಸ್‌ಗೆ ಇದು ತೀರಾ ಬೇಗ ಅನ್ನಿಸಿದ್ದರೂ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಹೀಗೆ ಒತ್ತಾಯದಿಂದ ಹುಟ್ಟಿದ ಪ್ರದರ್ಶನ 1923ರ ಆಗಸ್ಟ್ 15ರಂದು ತೆರೆದು ಸೆಪ್ಟೆಂಬರ್ ಕೊನೆಯವರೆಗೆ ನಡೆಯಿತು. ಜರ್ಮನಿಯ ಹಣ ದಿನದಿನಕ್ಕೂ ಬೆಲೆ ಕಳೆದುಕೊಳ್ಳುತ್ತಿದ್ದ ಕಾಲವದು. ಹತ್ತು ಲಕ್ಷ ಮಾರ್ಕ್‌ಗಳ ತುರ್ತು ನೋಟನ್ನು ವಿನ್ಯಾಸ ಮಾಡಿಕೊಟ್ಟವನು ಇದೇ ಶಾಲೆಯ ವಿದ್ಯಾರ್ಥಿ ಹರ್ಬರ್ಟ್ ಬೇಯರ್. ಅಂಥ ದಿನಗಳಲ್ಲಿ ಅವರು ನಾಲ್ಕು ತಿಂಗಳಿನಲ್ಲಿ ಒಂದು ಮನೆಯನ್ನು ಕಟ್ಟಿ ನಿಲ್ಲಿಸಿದರು.

ಮನೆಯ ನಕ್ಷೆ ಹಾಕಿದವರು ಗೇಯೋರ್ಗ್ ಮೂಖೆ. ವೃತ್ತಿಯಿಂದ ಚಿತ್ರಕಾರ, ಆಗಿನ್ನೂ ಇಪ್ಪತ್ತೆಂಟರ ಹರೆಯ. ನಡುವೆ ಆರು ಮೀಟರ್ ಉದ್ದಗಲದ ಚೌಕಾಕಾರದ ದೊಡ್ಡ ಕೋಣೆ, ಅದರ ಸುತ್ತ ಸಣ್ಣ ಕೋಣೆಗಳು. ನಡುಕೋಣೆಯ ಮಾಡು ಉಳಿದವುಗಳಿಗಿಂತ ಎತ್ತರದಲ್ಲಿರುವುದರಿಂದ ಗೋಡೆಯ ಮೇಲ್ಭಾಗದ ಕಿಟಕಿಗಳಿಂದ ಬೆಳಕು ಇಳಿಯುತ್ತದೆ. ತೊಟ್ಟಿಮನೆಯನ್ನು ಕಂಡವರಿಗೆ, ನಡುವೆ ಬೆಳಕಿನ ಅಂಗಳ, ಸುತ್ತಲೂ ಕೋಣೆಗಳು ಎಂಬ ಕ್ರಮ ಪರಿಚಿತವೇ. ಆದರೆ ಇಲ್ಲಿ ಆಕಾಶ ಕಾಣುವುದಿಲ್ಲ, ಸುತ್ತಲಿನ ಕೋಣೆಗಳೂ ಹಡಗಿನ ಕೋಣೆಗಳಷ್ಟು ಕಿರಿದಾಗಿವೆ. ನಡುಕೋಣೆಗೆ ಅಷ್ಟೊಂದು ಜಾಗ ಕೊಟ್ಟು ಮಲಗುವ ಕೋಣೆಗಳನ್ನು ಹಿಂಡಿದ್ದು ನನಗೆ ಸರಿಕಾಣಲಿಲ್ಲ.

ಅಡುಗೆಮನೆಯ ವಿಷಯದಲ್ಲಿ ಮಾತ್ರ ನನ್ನ ತಕರಾರಿಲ್ಲ. ಅದನ್ನು ರೂಪಿಸಿದವರು ಬೆನೀಟಾ ಒಟ್ಟೆ ಎಂಬ ನೇಯ್ಗೆಯ ವಿದ್ಯಾರ್ಥಿನಿ, ಜೊತೆಗೆ ಎರ್ನ್‌ಸ್ಟ್ ಗೆಬ್‌ಹಾರ್ಟ್. 1923ರ ಫೋಟೋವನ್ನು ಮೊಬೈಲ್‌ನಲ್ಲಿ ತೆರೆದುಕೊಂಡು ಅಲ್ಲಿ ಬಹಳ ಹೊತ್ತು ನಿಂತಿದ್ದೆ. ಕಿಟಕಿಯ ಕೆಳಗೇ ಹಾದುಹೋಗುವ ಕಟ್ಟೆ, ಆದ್ದರಿಂದ ಹೆಚ್ಚುವ ಕೈಯ ಮೇಲೆ ನೇರ ಹಗಲಿನ ಬೆಳಕು. ಗೋಡೆಗೆ ಕೂಡಿಸಿದ ಕಪಾಟುಗಳು. ಟೆಯೋಡೋರ್ ಬೋಗ್ಲರ್ ಮಾಡಿದ, ಒಳಗೇನಿದೆ ಎಂದು ಮೈಮೇಲೆ ಅಕ್ಷರಗಳಲ್ಲಿ ಬರೆದ ಪಿಂಗಾಣಿಯ ಡಬ್ಬಗಳು. ಈಗ ನೂರಾರು ಅಂಗಡಿಗಳಲ್ಲಿ ಮಾಡ್ಯುಲರ್ ಕಿಚನ್ ಎಂದು ಮಾರುವ ಏರ್ಪಾಡಿನ ಮೊದಲ ರೂಪಗಳಲ್ಲಿ ಇದೂ ಒಂದು. ಅನೇಕರು ಮೊದಲನೆಯದೆಂದು ಹೆಸರಿಸುವ ಫ್ರಾಂಕ್‌ಫರ್ಟ್ ಅಡುಗೆಮನೆ ಬಂದದ್ದು ಇದಾದ ಮೂರು ವರ್ಷಗಳಿಗೆ.

ನಮ್ಮೂರ ಮನೆಯಲ್ಲಿ ನೆಲದ ಒಲೆ ಹೋಗಿ ಕಟ್ಟೆ ಬಂದಾಗ ನನಗೆ ಏಳೆಂಟು ವರ್ಷ. ಗಾರೆ ಕೆಲಸದವರು ತಮ್ಮ ಎತ್ತರಕ್ಕೆ ಅಳತೆ ಹಿಡಿದು ಕಟ್ಟೆ ಕಟ್ಟಿಹೋದರು. ಅಮ್ಮ ಅದರ ಮುಂದೆ ಒಂದು ಮಣೆ ಹಾಕಿಕೊಂಡು, ಮೂವತ್ತು ವರ್ಷ ಆ ಮಣೆಯ ಮೇಲೆ ನಿಂತು ಅಡುಗೆ ಮಾಡಿದಳು. ಬೆನ್ನಿಗೆ ಕಿಟಕಿ ಇದ್ದುದರಿಂದ ಹಗಲಲ್ಲೂ ಅವಳ ನೆರಳೇ ಅವಳ ಪಾತ್ರೆಯ ಮೇಲೆ ಬೀಳುತ್ತಿತ್ತು. ವಿನ್ಯಾಸ ಎಂಬ ದೊಡ್ಡ ಮಾತಿನ ಅರ್ಥ ನನಗೆ ಪುಸ್ತಕಗಳಿಗಿಂತ ಆ ನೆರಳಿನಿಂದಲೇ ಹೆಚ್ಚು ತಿಳಿದಿದೆ.

ಪಕ್ಕದಲ್ಲಿ ಊಟದ ಕೋಣೆ, ಅದರಾಚೆ ಮಕ್ಕಳ ಕೋಣೆ. ಅಡುಗೆ ಮಾಡುತ್ತಲೇ ತಾಯಿ ಮಕ್ಕಳ ಮೇಲೆ ಕಣ್ಣಿಡಬಹುದು. ಅಲ್ಮಾ ಬುಷರ್ ಆ ಮಕ್ಕಳ ಕೋಣೆಗಾಗಿ ಮಾಡಿದ ಆಟಿಕೆ ಕಪಾಟಿನ ಪೆಟ್ಟಿಗೆಗಳನ್ನು ಹೊರಗೆಳೆದರೆ ಕೂರುವ ಪೀಠವಾಗುತ್ತವೆ, ಚಕ್ರದ ಬಂಡಿಯಾಗುತ್ತವೆ. ಬಾಗಿಲಿನ ಕಿಂಡಿ ಬೊಂಬೆಯಾಟದ ರಂಗವಾಗುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳು ಬರೆಯುವುದಕ್ಕೆಂದೇ ಹಲಗೆಗಳಿದ್ದವು. ಮಗುವಿನ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿದವರಿಗೆ ಮಾತ್ರ ಹೊಳೆಯುವ ಸಂಗತಿಗಳಿವು. ಆದರೂ ಒಂದು ಮಾತನ್ನು ಹೇಳಲೇಬೇಕು: ಕೆಲಸದಾಳುಗಳಿಲ್ಲದ ಹೊಸ ಕಾಲದ ಕುಟುಂಬಕ್ಕೆಂದು ಯೋಚಿಸಿದ ಈ ಮನೆಯಲ್ಲೂ ಅಡುಗೆ ಮತ್ತು ಮಕ್ಕಳು ಹೆಂಗಸಿನ ಪಾಲಿಗೇ ಬಂದವು.

ಶಾಲೆಯೊಳಗಿನ ಕಥೆಯೂ ಹಾಗೆಯೇ. ಗಂಡು ಹೆಣ್ಣೆಂಬ ಭೇದ ಮಾಡುವುದಿಲ್ಲ ಎಂದು 1919ರಲ್ಲಿ ಗ್ರೋಪಿಯಸ್ ಸಾರಿದ್ದರು, ಹೆಣ್ಣುಮಕ್ಕಳು ನಿರೀಕ್ಷೆಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಬಂದು ಸೇರಿದರು. ಮರುವರ್ಷವೇ ಪ್ರವೇಶ ಬಿಗಿಯಾಯಿತು. ಬಂದವರಲ್ಲಿ ಬಹುಪಾಲು ಜನರನ್ನು ನೇಯ್ಗೆಯ ಕೋಣೆಗೆ ಕಳಿಸುವುದು ರೂಢಿಯಾಯಿತು. ಮರಿಯಾನೆ ಬ್ರಾಂಟ್ ಲೋಹದ ಕಾರ್ಯಾಗಾರಕ್ಕೆ ಸೇರಿದ್ದು ಅಪರೂಪದ ಸಂಗತಿ. ಮನೆಯ ದುಡಿಮೆಯನ್ನು ಗೌರವದಿಂದ ಗಮನಿಸಿದ ಶಾಲೆ, ಆ ಗಮನವನ್ನು ತನಗೆ ತಂದುಕೊಟ್ಟ ಹೆಣ್ಣುಮಕ್ಕಳಿಗೆ ಇಷ್ಟು ಕಿರಿದಾದ ಬಾಗಿಲು ತೆರೆದದ್ದು ನನ್ನನ್ನು ಈಗಲೂ ನೋಯಿಸುತ್ತದೆ.

ಪ್ರದರ್ಶನ ಮುಗಿದ ಮರುವರ್ಷದ ಚುನಾವಣೆಯಲ್ಲಿ ಬಲಪಂಥೀಯರು ಗೆದ್ದು ಶಾಲೆಯ ಅನುದಾನವನ್ನು ಅರ್ಧಕ್ಕೆ ಇಳಿಸಿದರು, ಶಾಲೆ ಡೆಸ್ಸೌಗೆ ಹೋಯಿತು. ಒಟ್ಟೆ ಅಲ್ಲಿಗೆ ಹೋಗದೆ ಹಾಲೆ ನಗರದ ಕಲಾಶಾಲೆಯಲ್ಲಿ ನೇಯ್ಗೆ ವಿಭಾಗದ ಮುಖ್ಯಸ್ಥೆಯಾದರು. 1933ರಲ್ಲಿ ನಾಜಿಗಳು ಅವರನ್ನು ಕೆಲಸದಿಂದ ತೆಗೆದರು. ಮುಂದೆ ದಶಕಗಳ ಕಾಲ ಬೆಥೆಲ್‌ನ ಆರೈಕೆ ಸಂಸ್ಥೆಯ ನೇಯ್ಗೆ ಕಾರ್ಯಾಗಾರವನ್ನು ನಡೆಸಿದರು. ಅಲ್ಮಾ ಬುಷರ್ 1944ರ ಬಾಂಬ್ ದಾಳಿಯಲ್ಲಿ ತೀರಿಕೊಂಡರು. ಅವರು ರೂಪಿಸಿದ, ಜೋಡಿಸಿದರೆ ಹಡಗಾಗುವ ಮರದ ತುಂಡುಗಳ ಆಟಿಕೆಯನ್ನು ಈಗಲೂ ತಯಾರಿಸುತ್ತಾರೆ.

ರಾತ್ರಿ ಅಮ್ಮನಿಗೆ ಅಡುಗೆಮನೆಯ ಹಳೆಯ ಫೋಟೋ ಕಳಿಸಿದೆ. ಕನ್ನಡಕ ಹಾಕಿಕೊಂಡು ನೋಡಿ ಅವಳೇ ಫೋನ್ ಮಾಡಿದಳು. ಕಟ್ಟೆಯ ಮೇಲೇ ಕಿಟಕಿ ಇಟ್ಟಿದ್ದಾರಲ್ಲ, ಇದನ್ನು ಮಾಡಿದವರು ಯಾರೇ ಎಂದು ಕೇಳಿದಳು. ಬೆನೀಟಾ ಒಟ್ಟೆ ಎಂದೆ. ಹೆಸರು ಸರಿಯಾಗಿ ಕೇಳಿಸಲಿಲ್ಲವೆಂದು ಎರಡು ಸಲ ಹೇಳಿಸಿಕೊಂಡಳು.