ಉಣುಗಿನ ಕರುಳಿನಿಂದ ನಮ್ಮ ಕೀಲಿನವರೆಗೆ

ಮಳೆಗಾಲ ಮುಗಿದು ಬೆಟ್ಟದ ದರಗು ಒಣಗತೊಡಗಿದೊಡನೆ ನಮ್ಮ ಮನೆಯಲ್ಲಿ ಉಣುಗಿನ ಮಾತು ಆರಂಭವಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆಗೆ ಕಾರಣ ವೈರಸ್. ಅಮೆರಿಕ, ಯುರೋಪುಗಳಲ್ಲಿ ಬೇರೆ ಜಾತಿಯ ಉಣುಗುಗಳು ಹರಡುವ ಲೈಮ್ ರೋಗಕ್ಕೆ ಕಾರಣ ಬೊರೆಲಿಯಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ. ಅದು ದೇಹದಲ್ಲಿ ನೆಲೆಯೂರುವ ಬಗೆಯನ್ನು ಓದಿದಂದಿನಿಂದ ನನಗೆ ಉಣುಗಿನ ಕಡಿತ ಬರಿಯ ತುರಿಕೆಯಾಗಿ ಉಳಿದಿಲ್ಲ.

ಉಣುಗಿನ ಕರುಳಿನಲ್ಲಿರುವಾಗ ಬೊರೆಲಿಯಾ ತನ್ನ ಹೊರಮೈಯ ಓಎಸ್‌ಪಿ-ಎ ಪ್ರೋಟೀನಿನ ನೆರವಿನಿಂದ ಕರುಳಿಗೆ ಅಂಟಿಕೊಂಡಿರುತ್ತದೆ. ಉಣುಗು ರಕ್ತ ಹೀರತೊಡಗಿದಾಗ ಆ ಪ್ರೋಟೀನ್ ಕಡಿಮೆಯಾಗಿ, ಹೊಸ ದೇಹದಲ್ಲಿ ಸೋಂಕು ಬೇರೂರಲು ಅಗತ್ಯವಾದ ಓಎಸ್‌ಪಿ-ಸಿ ಹೆಚ್ಚುತ್ತದೆ.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಇದರ ಮುಂದಿನ ಹಂತ. ರಕ್ತದ ಸೆಳೆತ, ನಮ್ಮ ಮಳೆಗಾಲದ ತುಂಗೆಯಂತೆ, ಸಿಕ್ಕಿದ್ದನ್ನೆಲ್ಲ ಒಯ್ಯುವಂಥದ್ದು. ಆದರೂ ಬೊರೆಲಿಯಾದ ಬಿಬಿಕೆ-32 ಎಂಬ ಪ್ರೋಟೀನು ನಮ್ಮ ರಕ್ತದಲ್ಲೂ ರಕ್ತನಾಳದ ಗೋಡೆಯಲ್ಲೂ ಇರುವ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಸೆಳೆತ ಬಲವಾದಷ್ಟೂ ಬಿಗಿಯಾಗಬಲ್ಲ ಈ ಹಿಡಿತದ ಆಸರೆಯಿಂದ ಬ್ಯಾಕ್ಟೀರಿಯಾ ರಕ್ತನಾಳದ ಒಳಗೋಡೆಯ ಮೇಲೆ ನಿಧಾನವಾಗಿ ಸಾಗುತ್ತದೆ. ನಾಳದಿಂದ ಹೊರಬರಲು ಪಿ-66 ಎಂಬ ಪ್ರೋಟೀನು ಬೇಕು; ಇದು ನಮ್ಮ ಜೀವಕೋಶಗಳ ಹೊರಮೈಯ ಪ್ರೋಟೀನುಗಳಾದ ಇಂಟೆಗ್ರಿನ್‌ಗಳಿಗೆ ಅಂಟುತ್ತದೆ. ಅಂಗಾಂಶವನ್ನು ಸೇರಿದ ಮೇಲೆ ಡಿಬಿಪಿ-ಎ ಮತ್ತು ಡಿಬಿಪಿ-ಬಿ ಪ್ರೋಟೀನುಗಳು ಅಂಗಾಂಶಕ್ಕೆ ಬಲ ಕೊಡುವ ಕೊಲಾಜೆನ್ ನಾರುಗಳಿಗೆ ಹೊಂದಿಕೊಂಡಿರುವ ಡೆಕೊರಿನ್ ಎಂಬ ನಮ್ಮ ದೇಹದ ಪ್ರೋಟೀನನ್ನು ಹಿಡಿಯುತ್ತವೆ. ಚರ್ಮ ಮತ್ತು ಕೀಲುಗಳಲ್ಲಿ ಕೊಲಾಜೆನ್ ಹೇರಳವಾಗಿರುವುದನ್ನೂ, ಈ ರೋಗ ಅಲ್ಲಿಯೇ ಕಾಡುವುದನ್ನೂ ಒಟ್ಟಿಗೆ ನೋಡಿದಾಗ ಈ ಹಿಡಿತದ ಮಹತ್ವ ಅರಿವಾಗುತ್ತದೆ. ಇವೆರಡೂ ಪ್ರೋಟೀನುಗಳಿಲ್ಲದ ಬೊರೆಲಿಯಾ ಇಲಿಗಳಲ್ಲಿ ಸೋಂಕು ಉಂಟುಮಾಡುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ.