ಬಾಯಿ ಬಿಡದೆ ಎಸೆದ ಐದು ಸಾವಿರ

2024 ಡಿಸೆಂಬರ್ 14, ಶನಿವಾರ
ಡಾಲಸ್ ಉತ್ತರದ ಉಪನಗರ, ಟೆಕ್ಸಸ್

ಗಂಟೆ ರಾತ್ರಿ ಒಂದು ದಾಟಿದೆ. ಊಟದ ಮೇಜಿನ ಮೇಲೆ ಹಾಸಿದ್ದ ಹಸಿರು ಬಟ್ಟೆಯನ್ನು ಇನ್ನೂ ಮಡಚಿಲ್ಲ. ಅದರ ಒಂದು ಮೂಲೆಯಲ್ಲಿ ಮೆಣಸಿನಕಾಯಿ ಬಜ್ಜಿಯ ಎಣ್ಣೆ ರೂಪಾಯಿ ಅಗಲಕ್ಕೆ ಹರಡಿ ನಿಂತಿದೆ. ನಮ್ಮ ಮನೆಯ ಪೋಕರ್ ಲೀಗಿನ ಹತ್ತನೆಯ ಪಂದ್ಯ, ಅಂದರೆ ಈ ವರ್ಷದ ಕೊನೆಯ ಪಂದ್ಯ, ಇಂದು ಮುಗಿಯಿತು. ನಿದ್ರೆ ಬರುವ ಹಾಗೆ ಕಾಣದ ಕಾರಣ ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತೇನೆ.

ನಾವು ಹನ್ನೆರಡು ಜನ. ಹನ್ನೊಂದು ಮಂದಿ ಕನ್ನಡಿಗರು, ಒಬ್ಬರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಹುಟ್ಟಾ ಟೆಕ್ಸಸ್‌ನವರು. ಆಟಕ್ಕೆ ಕೂತಾಗ ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಹುಬ್ಬಳ್ಳಿ, ಮಂಡ್ಯ, ದಾವಣಗೆರೆ, ಶಿವಮೊಗ್ಗ ಎಂದು ಊರಿನಿಂದಲೇ ಕರೆಯುತ್ತೇವೆ. ಆ ಲೆಕ್ಕದಲ್ಲಿ ಮೇಷ್ಟ್ರು ‘ಟೆಕ್ಸಸ್’, ನಾನು ‘ತುಮಕೂರು’. ತಲೆಗೆ 20 ಡಾಲರ್, ಒಟ್ಟು 240. ಮೊದಲನೆಯವರಿಗೆ 120, ಎರಡನೆಯವರಿಗೆ 72, ಮೂರನೆಯವರಿಗೆ 48. ಮನೆಯವನಾದ ನಾನು ಅದರಿಂದ ಒಂದು ಡಾಲರನ್ನೂ ತೆಗೆದಿಟ್ಟುಕೊಳ್ಳುವಂತಿಲ್ಲ. ಖಾಸಗಿ ಜಾಗದಲ್ಲಿ, ಗೆದ್ದದ್ದರ ಹೊರತು ಬೇರೆ ಯಾವ ಲಾಭವೂ ಯಾರಿಗೂ ಇಲ್ಲದಂತೆ, ಎಲ್ಲರಿಗೂ ಸಮಾನ ಅವಕಾಶವಿರುವಂತೆ ಆಡಿದರೆ ಮಾತ್ರ ಈ ರಾಜ್ಯದ ಕಾನೂನು ಮನೆಯ ಪೋಕರನ್ನು ಜೂಜೆಂದು ಹಿಡಿಯುವುದಿಲ್ಲ. ಆದ್ದರಿಂದ ಊಟವನ್ನೂ ಎಲ್ಲರೂ ಒಂದೊಂದು ಪಾತ್ರೆ ಹೊತ್ತು ತಂದೇ ಮಾಡುತ್ತೇವೆ. ಇಸ್ಪೀಟಿನ ಕಟ್ಟನ್ನು ಕಂಡರೆ ಒಲೆಗೆ ಹಾಕುತ್ತಿದ್ದ ನನ್ನ ಅಪ್ಪನಿಗೆ ಈ ಕಾನೂನಿನ ಸೂಕ್ಷ್ಮವನ್ನು ಫೋನಿನಲ್ಲಿ ಒಮ್ಮೆ ವಿವರಿಸಲು ಹೋಗಿ, ಅರ್ಧಕ್ಕೇ ಬಿಟ್ಟಿದ್ದೇನೆ.

ಹಣಕ್ಕಿಂತ ಅಂಕಪಟ್ಟಿಯ ಮೇಲೆಯೇ ಎಲ್ಲರ ಕಣ್ಣು. ಮೊದಲು ಹೊರಬಿದ್ದವರಿಗೆ 1 ಅಂಕ, ಕೊನೆಯವರೆಗೆ ಉಳಿದವರಿಗೆ 12; ಮೊದಲ ಮೂರು ಸ್ಥಾನಗಳಿಗೆ ಮೇಲೆ 3, 2, 1. ಇಂದು ಸಂಜೆ ಆಟ ಶುರುವಾಗುವ ಮೊದಲು ಹುಬ್ಬಳ್ಳಿ 81ರಲ್ಲಿದ್ದ, ಮಂಡ್ಯದವಳು 76ರಲ್ಲಿದ್ದಳು. ಉಳಿದವರು ಯಾರೂ ಹತ್ತಿರದಲ್ಲಿರಲಿಲ್ಲ.

ಏಳು ಗಂಟೆಗೆ ಎರಡು ಮೇಜುಗಳಲ್ಲಿ ಆರಾರು ಮಂದಿ ಕೂತೆವು. ನಾವಾಡುವುದು ಟೆಕ್ಸಸ್ ಹೋಲ್ಡ್‌ಎಮ್ ಎಂಬ ಬಗೆಯ ಪೋಕರ್: ಪ್ರತಿಯೊಬ್ಬರ ಕೈಗೆ ಎರಡು ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು. ಪ್ರತಿಯೊಬ್ಬರಿಗೂ 10,000ದ ಚಿಪ್ಸ್, ಅಂದರೆ ಆಟದ ಬಿಲ್ಲೆಗಳು: 25ರವು ಎಂಟು, 100ರವು ಎಂಟು, 500ರವು ನಾಲ್ಕು, 1,000ದವು ಏಳು. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಹಾಕಬೇಕಾದ ಸಣ್ಣ ಮತ್ತು ದೊಡ್ಡ ಪಣ, 25/50ರಿಂದ ಆರಂಭ, 20 ನಿಮಿಷಕ್ಕೊಮ್ಮೆ ಏರಿಕೆ. ಮೊದಲು ಎದ್ದವರು, ಎಂದಿನಂತೆ, ಟೆಕ್ಸಸ್ ಮೇಷ್ಟ್ರು. ಈ ಆಟ ಹುಟ್ಟಿದ ಊರು ರಾಬ್‌ಸ್ಟೌನ್ ಎಂದು ಟೆಕ್ಸಸ್ ಶಾಸನಸಭೆ 2007ರಲ್ಲಿ ಅಧಿಕೃತವಾಗಿ ಒಪ್ಪಿಕೊಂಡದ್ದನ್ನು ನಮಗೆ ಹೇಳಿದವರೇ ಅವರು, ಆಟ ಕಲಿಸಿದವರೂ ಅವರೇ. ಆದರೆ ಕೈಗೆ ಹತ್ತು ಮತ್ತು ಎರಡು ಬಂದರೆ ಅವರು ಎಲೆ ಬಿಸುಡುವುದಿಲ್ಲ. ಇದೇ ರಾಜ್ಯದ ಲಾಂಗ್‌ವರ್ತ್‌ನಲ್ಲಿ ಹುಟ್ಟಿದ ಪೋಕರ್ ಆಟಗಾರ ಡಾಯ್ಲ್ ಬ್ರನ್ಸನ್ 1976ರಲ್ಲೂ 1977ರಲ್ಲೂ ಪೋಕರ್ ವಿಶ್ವ ಸರಣಿಯ ಮುಖ್ಯ ಪಂದ್ಯವನ್ನು ಅದೇ ಹತ್ತು-ಎರಡರಿಂದ ಗೆದ್ದುಕೊಂಡದ್ದು ಅವರಿಗೆ ಶಾಸ್ತ್ರವಾಗಿದೆ. ಕಳೆದ ವರ್ಷ ಮೇ ತಿಂಗಳಲ್ಲಿ ಬ್ರನ್ಸನ್ ತೀರಿಕೊಂಡ ಮೇಲಂತೂ ಅದು ಶ್ರಾದ್ಧದಷ್ಟು ನಿಷ್ಠೆಯ ಕರ್ಮವಾಗಿಬಿಟ್ಟಿದೆ. ಏಳೂವರೆಗೆ ಹತ್ತು-ಎರಡು ಹಿಡಿದು ಆಲ್-ಇನ್ ಹೋಗಿ, ಅಂದರೆ ಇದ್ದ ಚಿಪ್ಸನ್ನೆಲ್ಲ ಪಣಕ್ಕಿಟ್ಟು, ಎಕ್ಕದ ಜೋಡಿಗೆ ಸೋತು, ತೃಪ್ತಿಯಿಂದ ಚಿತ್ರಾನ್ನದ ಕಡೆ ನಡೆದರು.

ಎಂಟಕ್ಕೆ 25ರ ಚಿಪ್ಸ್ ಹಿಂದಕ್ಕೆ ಪಡೆದೆವು. ನಾಲ್ಕು ಸೇರಿ 100 ಆಗದೆ ಮಿಕ್ಕವುಗಳಿಗೆ ತಲಾ ಒಂದು ಎಲೆ ಹಂಚಿ, ದೊಡ್ಡ ಎಲೆ ಬಂದವರಿಗೆ 100ರ ಚಿಪ್ ಕೊಡುವುದು ಕ್ರಮ. ಈ 100ಕ್ಕಾಗಿ ನಡೆಯುವ ಕೂಗಾಟ ಮುಂದೆ 10,000ಕ್ಕೂ ನಡೆಯುವುದಿಲ್ಲ. 8:40ಕ್ಕೆ ಊಟ. ದಾವಣಗೆರೆಯ ಹುಡುಗ ಮಂಡಕ್ಕಿಯನ್ನೂ ಬಜ್ಜಿಯನ್ನೂ ತಂದಿದ್ದ. ಕೈ ತೊಳೆಯದೆ ಎಲೆ ಮುಟ್ಟಿದವರು ಒಂದು ಸುತ್ತು ಹೊರಗೆ ಎಂಬ ನಿಯಮವನ್ನು ಬರೆಯಬೇಕಾಗಿ ಬಂದದ್ದು ಅವನ ಬಜ್ಜಿಯ ದೆಸೆಯಿಂದಲೇ. ಊಟದ ನಂತರ ಎಂಟು ಜನ ಒಂದೇ ಮೇಜಿಗೆ ಬಂದೆವು. ಚಿಪ್ಸ್ ಹೆಚ್ಚಿದ್ದವರಿಗೆ ಬದಲಿಗೆ 5,000ದ ನೇರಳೆ ಚಿಪ್‌ಗಳನ್ನು ಕೊಟ್ಟೆ. ಕೊಟ್ಟದ್ದು ನಾನೇ, ಇದನ್ನು ನೆನಪಿಡಬೇಕು.

ಬ್ಲೈಂಡ್ 400/800 ಆಗಿತ್ತು, ಏಳು ಮಂದಿ ಉಳಿದಿದ್ದೆವು. ದೊಡ್ಡ ಬ್ಲೈಂಡ್ ನನ್ನದು: 800 ಮುಂದೆ ಹಾಕಿದ್ದೆ, ಎರಡು ಎಲೆಗಳು ನನ್ನೆದುರು ಬೋರಲು ಬಿದ್ದಿದ್ದವು. ಶಿವಮೊಗ್ಗ 2,000ಕ್ಕೆ ಏರಿಸಿದ. ನಡುವಿನವರು ಎಲೆ ಬಿಸುಟರು. ಬಟನ್‌ನಲ್ಲಿದ್ದ, ಅಂದರೆ ಹಂಚುವವನ ಸ್ಥಾನದಲ್ಲಿದ್ದ ಹುಬ್ಬಳ್ಳಿ ತನ್ನ ಎಲೆಗಳ ತುದಿಯನ್ನು ಹೆಬ್ಬೆರಳಿನಿಂದ ಎತ್ತಿ ನೋಡಿದ, ಒಂದು ನೇರಳೆ ಚಿಪ್ ಎತ್ತಿಕೊಂಡ, ಏನೂ ಹೇಳದೆ ಮೇಜಿನ ನಡುವಿಗೆ ಎಸೆದ. ಅದು ಅಂಚಿನ ಮೇಲೆ ಉರುಳಿ, ಒಂದು ಸುತ್ತು ಹಾಕಿ, ಶಿವಮೊಗ್ಗದ ಚಿಪ್ಸಿಗೆ ತಾಗಿ ಮಲಗಿತು.

“ಕಾಲ್ ಅಷ್ಟೇ,” ಎಂದೆ ನಾನು. ಅಂದರೆ ಶಿವಮೊಗ್ಗದ 2,000ವನ್ನು ಸರಿಗಟ್ಟಿದ್ದು ಮಾತ್ರ, ಏರಿಸಿದ್ದಲ್ಲ. ನಮ್ಮ ಪಂದ್ಯದ ನಿರ್ದೇಶಕ ನಾನೇ.

ಪೋಕರ್ ಪಂದ್ಯಗಳ ನಿರ್ದೇಶಕರು ಸೇರಿ 2001ರಲ್ಲಿ ಕಟ್ಟಿದ ಸಂಘವೊಂದಿದೆ. ಅದರ ನಿಯಮಪುಸ್ತಕವೇ ನಮ್ಮ ನಿಯಮಗಳಿಗೆ ಮೂಲ. ಎದುರಿನ ಪಣಕ್ಕೆ ಉತ್ತರವಾಗಿ ಬಾಯಿ ಬಿಡದೆ ಒಂದೇ ಒಂದು ದೊಡ್ಡ ಚಿಪ್ ಹಾಕಿದರೆ, ಅದರ ಬೆಲೆ ಎಷ್ಟೇ ಇರಲಿ, ಅದು ಕಾಲ್. ಉಳಿದದ್ದು ಚಿಲ್ಲರೆಯಾಗಿ ಹಿಂದಕ್ಕೆ. ಮೊದಲು ‘ರೈಸ್’ ಎಂದೋ ಮೊತ್ತವನ್ನೋ ಹೇಳಿದ್ದರೆ ಮಾತ್ರ ಅದು ಏರಿಕೆ. ಇದು ಹಟಮಾರಿ ನಿಯಮದಂತೆ ಕಂಡರೂ ಇದಕ್ಕೆ ಕಾರಣವಿದೆ: ಚಿಪ್ ಎಸೆದು, ಪಕ್ಕದವರ ಮುಖ ಬಾಡಿತೋ ಅರಳಿತೋ ನೋಡಿಕೊಂಡು, ಆಮೇಲೆ ‘ನಾನು ಏರಿಸಿದ್ದು’ ಅಥವಾ ‘ನನಗೆ ಚಿಲ್ಲರೆ ಕೊಡಿ’ ಎನ್ನುವ ಅನುಕೂಲ ಯಾರಿಗೂ ಸಿಗಬಾರದು. ಇದನ್ನು ಮಾರ್ಚ್‌ನಲ್ಲಿ ಎಲ್ಲರೂ ಕೈಯೆತ್ತಿ ಒಪ್ಪಿದ್ದೆವು, ಹುಬ್ಬಳ್ಳಿಯೂ ಒಪ್ಪಿದ್ದ.

“ಲೇ, ಐದ್ ಸಾವಿರಕ್ಕ ಏರ್ಸೀನಿ. ಎರಡ್ ಸಾವಿರ ಕಾಲ್ ಮಾಡೂದಿದ್ರ ಸಾವಿರದ್ದು ಎರಡು ನನ್ ಮುಂದನ ಅದಾವಲ್ಲ,” ಎಂದ ಅವನು. ನಿಜವೇ, ಅವನ ಮುಂದೆ ಸಾವಿರದ ಚಿಪ್ಸ್ ಸಾಲಾಗಿದ್ದವು. ಏರಿಸುವುದೇ ಅವನ ಮನಸ್ಸಿನಲ್ಲಿತ್ತು ಎಂಬುದರಲ್ಲಿ ಅಲ್ಲಿದ್ದ ಯಾರಿಗೂ ಸಂಶಯವಿರಲಿಲ್ಲ, ನನಗಂತೂ ಇರಲೇ ಇಲ್ಲ. ಆದರೆ ಮನಸ್ಸನ್ನು ನೋಡಿ ತೀರ್ಪು ಕೊಡಲು ಹೊರಟರೆ ಮುಂದಿನ ವಾರ ಸಂಶಯವಿರುವ ಮನಸ್ಸೊಂದು ಬಂದು ಕೂರುತ್ತದೆ.

ಅಷ್ಟರಲ್ಲಿ ನನಗೆ ನೆನಪಾಯಿತು. ನಿರ್ದೇಶಕನೇ ಆ ಕೈಯಲ್ಲಿ ಆಡುತ್ತಿದ್ದರೆ ತೀರ್ಪು ಉಪನಿರ್ದೇಶಕರದು ಎಂದು ನಮ್ಮದೇ ಪುಸ್ತಕದಲ್ಲಿ ಬರೆದಿದೆ. ಎಲೆಗಳು ಎದುರಿಗಿದ್ದಾಗ ನಾನು ಬಾಯಿ ಹಾಕಲೇಬಾರದಿತ್ತು. ಉಪನಿರ್ದೇಶಕಿ ಮಂಡ್ಯದವಳು, ಅವಳು ಎಲೆ ಬಿಸುಟಾಗಿತ್ತು, ಆ ಕೈಯಲ್ಲಿ ಅವಳಿಗೇನೂ ಇರಲಿಲ್ಲ. ಆದರೆ ಅಂಕಪಟ್ಟಿಯಲ್ಲಿ ಹುಬ್ಬಳ್ಳಿಯ ಬೆನ್ನ ಹಿಂದೆಯೇ ಇದ್ದವಳೂ ಅವಳೇ. ಅವಳು ನನ್ನ ಮುಖವನ್ನಾಗಲಿ ಅವನ ಮುಖವನ್ನಾಗಲಿ ನೋಡದೆ, ಚಿಪ್ಪನ್ನೇ ನೋಡುತ್ತಾ, “ಒಂದೇ ಚಿಪ್ಪು, ಮಾತಿಲ್ಲ. ಕಾಲ್,” ಎಂದಳು. ತೀರ್ಪು ಸರಿಯಾಗಿಯೇ ಇತ್ತು. ಮನೆಯ ಲೀಗಿನಲ್ಲಿ ಕಷ್ಟವಿರುವುದು ಅಲ್ಲಿಯೇ: ಕ್ಯಾಸಿನೊದಲ್ಲಿ ಕೋಟು ಹಾಕಿಕೊಂಡ ಮೇಲ್ವಿಚಾರಕ ಬಂದು ಹೇಳಿ ಹೋಗುತ್ತಾನೆ, ಅವನಿಗೆ ಯಾರು ಗೆದ್ದರೂ ಅಷ್ಟೇ ಸಂಬಳ, ಇಲ್ಲಿ ತಕ್ಕಡಿ ಹಿಡಿದವರೂ ನಾವೇ, ತಟ್ಟೆಯಲ್ಲಿ ಕೂತವರೂ ನಾವೇ.

ಹುಬ್ಬಳ್ಳಿಗೆ 3,000 ಚಿಲ್ಲರೆ ಎಣಿಸಿ ಕೊಟ್ಟೆ. ಸಣ್ಣ ಬ್ಲೈಂಡ್‌ನವನು ಹಿಂದೆ ಸರಿದ. ಆಮೇಲೆ ನನ್ನ ಎಲೆಗಳನ್ನು ನೋಡಿದೆ: ಐದರ ಜೋಡಿ. 5,000ಕ್ಕೆ ಏರಿಕೆಯಾಗಿದ್ದರೆ 21,000 ಇದ್ದ ನಾನು ಆ ಜೋಡಿಯನ್ನು ಯೋಚಿಸದೆ ಬಿಸುಡುತ್ತಿದ್ದೆ. ಈಗ ಇನ್ನು 1,200 ಹಾಕಿದರೆ ಸಾಕಿತ್ತು, ನಡುವೆ ಆಗಲೇ 5,200 ಬಿದ್ದಿತ್ತು. ಜೋಡಿ ಹಿಡಿದವನಿಗೆ ಫ್ಲಾಪ್‌ನಲ್ಲಿ, ಅಂದರೆ ನಡುವೆ ಮೊದಲು ತೆರೆಯುವ ಮೂರು ಎಲೆಗಳಲ್ಲಿ, ಅದೇ ಅಂಕಿಯ ಮೂರನೆಯದು ಬರುವುದು ಎಂಟೂವರೆ ಸಲಕ್ಕೆ ಒಮ್ಮೆ. ಹಾಕಿದೆ.

ಫ್ಲಾಪ್: ಆಟೀನ್ ಐದು, ಇಸ್ಪೀಟ್ ಒಂಬತ್ತು, ಕಳಾವರ್ ಎರಡು.

ನಾನು ಚೆಕ್ ಮಾಡಿದೆ, ಅಂದರೆ ಪಣ ಕಟ್ಟದೆ ಸರದಿ ದಾಟಿಸಿದೆ, ಶಿವಮೊಗ್ಗನೂ ಚೆಕ್. ಹುಬ್ಬಳ್ಳಿ ಈ ಸಲ ಪ್ರತಿ ಅಕ್ಷರವನ್ನೂ ಬಿಡಿಸಿ “ನಾಲ್ಕು ಸಾವಿರ” ಎಂದ. ನಾನು 10,000 ಎಂದೆ. ಶಿವಮೊಗ್ಗ ಸರಿದ. ಹುಬ್ಬಳ್ಳಿ ತನ್ನಲ್ಲಿ ಉಳಿದ 12,000ವನ್ನೂ ಎರಡು ಕೈಗಳಿಂದ ಮುಂದಕ್ಕೆ ತಳ್ಳಿ ಎಲೆ ಮಗುಚಿದ. ಎರಡು ರಾಜ. ಇನ್ನೂ ಕಾಣದ 45 ಎಲೆಗಳಲ್ಲಿ ಉಳಿದೆರಡು ರಾಜರನ್ನು ಬಿಟ್ಟರೆ ಅವನು ಆಸೆಯಿಡುವಂಥದ್ದು ಹೆಚ್ಚೇನೂ ಇರಲಿಲ್ಲ. ನಾಲ್ಕನೆಯ ಎಲೆಯಾದ ಟರ್ನ್‌ನಲ್ಲಿ ಡೈಮಂಡ್ ಏಳು, ಕೊನೆಯ ಎಲೆಯಾದ ರಿವರ್‌ನಲ್ಲಿ ಕಳಾವರ್ ರಾಣಿ. ರಾಣಿ ಮಗುಚುವಾಗ ಅರೆಕ್ಷಣ ಅದರ ಬಣ್ಣದ ಅಂಗಿ ಕಂಡು, ರಾಜನೇ ಬಂದನೆಂದು ಅವನು ಕುರ್ಚಿಯಿಂದ ಎದ್ದೇಬಿಟ್ಟಿದ್ದ. ಎದ್ದವನು ಹಾಗೆಯೇ ನನ್ನ ಕೈಕುಲುಕಿ ಅಡಿಗೆಮನೆಗೆ ಹೋದ. ಏಳನೆಯ ಸ್ಥಾನ, 6 ಅಂಕ, ಒಟ್ಟು 87.

ಆಗ ನನ್ನಲ್ಲಿ 41,400 ಇತ್ತು, ಅಂದರೆ ಮೇಜಿನ ಮೇಲಿದ್ದ 1,20,000ದಲ್ಲಿ ಮೂರನೆಯ ಒಂದಕ್ಕೂ ಹೆಚ್ಚು. ಅದನ್ನು ಇಟ್ಟುಕೊಳ್ಳಲು ನನ್ನಿಂದಾಗಲಿಲ್ಲ. ಒಂದು ಗಂಟೆ ಆಟ ಸಪ್ಪೆಯಾಗಿ ಸಾಗಿತು. ಬ್ಲೈಂಡ್‌ಗಳು ತಿಂದದ್ದು ಸ್ವಲ್ಪ, ಧೈರ್ಯವಿಲ್ಲದೆ ಬಿಟ್ಟುಕೊಟ್ಟದ್ದು ಬಹಳ. ಪ್ರತಿ ಕೈಯಲ್ಲೂ ಅಡಿಗೆಮನೆಯಿಂದ ಬಟ್ಟಲಿನ ಸದ್ದು ಕೇಳಿದಾಗ ನನ್ನ ಕಿವಿ ಅತ್ತ ಹೋಗುತ್ತಿತ್ತು. ನಾಲ್ವರಿದ್ದಾಗ ಎಕ್ಕ-ರಾಜ ಹಿಡಿದು ಇದ್ದದ್ದೆಲ್ಲ ಹಾಕಿದೆ, ಮಂಡ್ಯದವಳು ಎರಡು ರಾಣಿ ತೋರಿಸಿದಳು. ನೂರಕ್ಕೆ 43 ನನ್ನ ಕಡೆಗಿದ್ದ ಪಂದ್ಯ ಅದು. ಐದು ಎಲೆಗಳಲ್ಲಿ ಎಕ್ಕವೂ ಬರಲಿಲ್ಲ, ರಾಜನೂ ಬರಲಿಲ್ಲ. ಬಹುಮಾನಕ್ಕೆ ಒಂದು ಹೆಜ್ಜೆ ಮೊದಲು ಹೊರಬೀಳುವುದಕ್ಕೆ ಗುಳ್ಳೆ ಒಡೆಯಿತು ಎನ್ನುತ್ತೇವೆ. ಒಡೆದ ಗುಳ್ಳೆಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಇಂದಿನ ಚಪ್ಪಾಳೆ ಎಂದಿಗಿಂತ ತುಸು ಜೋರಾಗಿತ್ತು ಎಂದು ನನಗನಿಸಿತು.

11:20ಕ್ಕೆ ದಾವಣಗೆರೆಯ ಹುಡುಗ ಗೆದ್ದ. ಮಂಡ್ಯ ಎರಡನೆಯ ಸ್ಥಾನ: 11 ಮತ್ತು 2, ಒಟ್ಟು 89. ಎರಡು ಅಂಕಗಳಿಂದ ವರ್ಷದ ಲೋಟ ಅವಳದಾಯಿತು. ಲೋಟವೆಂದರೆ ನಿಜವಾಗಿಯೂ ಲೋಟವೇ, ಊರಿನಿಂದ ತಂದ ಹಿತ್ತಾಳೆಯದು. ಅದನ್ನು ಅವಳ ಕೈಗಿತ್ತದ್ದು ಹುಬ್ಬಳ್ಳಿ. ಹೊರಬಿದ್ದ ಮೇಲೂ ಮನೆಗೆ ಹೋಗದೆ, ಕೊನೆಯ ಒಂದು ಗಂಟೆ ಎಲೆ ಕಲಸಿ ಹಂಚಿದ್ದವನೂ ಅವನೇ. ಒಂದೊಂದು ಪಣಕ್ಕೂ “ಬಾಯ್ ಬಿಟ್ಟ ಹೇಳ್ರಿ” ಎಂದು ಎಲ್ಲರನ್ನೂ ಎಚ್ಚರಿಸುತ್ತಿದ್ದ. ಮೊದಮೊದಲು ನಕ್ಕರು, ಆಮೇಲೆ ಯಾರೂ ನಗಲಿಲ್ಲ.

ಚಿಪ್ಸ್ ಪೆಟ್ಟಿಗೆಗೆ ತುಂಬುವಾಗ ಮಾತು ಆ ನಿಯಮಕ್ಕೇ ಬಂತು. ಗೆಳೆಯರ ಮನೆಯ ಆಟಕ್ಕೆ ಇಷ್ಟು ಬಿಗಿ ಏಕೆ, ತೆಗೆದುಹಾಕೋಣ ಎಂದು ಶಿವಮೊಗ್ಗ ಅಂದ. ಬೇಡವೆಂದು ಎಲ್ಲರಿಗಿಂತ ಮೊದಲು ಹೇಳಿದ್ದು ಹುಬ್ಬಳ್ಳಿಯೇ. ಹಾಗಾಗಿ ಅದು ಉಳಿದಿದೆ. ನನ್ನ ಮೇಲೆ ಮಾತ್ರ ಹೊಸದೊಂದು ವಿಧಿ ಬಂದಿದೆ: ಎಲೆ ಎದುರಿಗಿರುವಾಗ ನಿರ್ದೇಶಕ ತೀರ್ಪಿನ ಮಾತೆತ್ತಿದರೆ ಆ ಕೈ ಸತ್ತಂತೆ. ನಾನೇ ಸೂಚಿಸಿದ್ದು, ನಾನೇ ಬರೆದುಕೊಂಡಿದ್ದೇನೆ.

ಬೀಳ್ಕೊಡಲು ಹೊರಗೆ ಹೋದೆ. ಚಳಿಗೆ ಹುಬ್ಬಳ್ಳಿ ಕೈಗಳನ್ನು ಜಾಕೆಟ್ಟಿನ ಜೇಬಿಗೆ ತುರುಕಿಕೊಂಡು ಕಾರಿನ ಬಳಿ ನಿಂತಿದ್ದ. ಜನವರಿಯಲ್ಲಿ ಯಾರ ಮನೆ, ಯಾವ ಶನಿವಾರ ಎಂದೆಲ್ಲ ಮಾತಾಡಿದ. ಬಾಗಿಲು ತೆಗೆದು ಕೂತ ಮೇಲೆ, ಸೀಟ್ ಬೆಲ್ಟ್ ಎಳೆದುಕೊಳ್ಳುತ್ತಾ, “ಕಾಲ್ ಅಂದಾಗ ನಿನ್ನ ಎಲಿ ನೀ ನೋಡಿರಲಿಲ್ಲ, ಹೌದಿಲ್ಲೋ?” ಎಂದು ಕೇಳಿದ.

“ನೋಡಿರಲಿಲ್ಲ,” ಎಂದೆ.

ತಲೆಯಾಡಿಸಿ ಕಾರು ಹಿಂದಕ್ಕೆ ತೆಗೆದ.